ರೇಣವ್ವನ ಮೃತ್ಯುಪತ್ರ

ಚರಂಡಿಯ ಮುಚ್ಚಳ ತೆಗೆದು ಯಾರಾದರೂ ಒಳಗಿಳಿಯುವುದು ಕಂಡರೆ ರೇಣವ್ವ ಮುಂದೆ ಹೋಗುತ್ತಿರಲಿಲ್ಲ. ಇಳಿದವನು ಮೇಲೆ ಬರುವ ತನಕ ಬಿಸಿಲಲ್ಲಿ ಅಲ್ಲೇ ನಿಲ್ಲುವಳು. ಇಳಿಸಿದ ಗುತ್ತಿಗೆದಾರ ಗದರಿದರೆ, "ಮೊದಲ ನೀವು ಇಳೀರಿ, ಆಮ್ಯಾಲೆ ಅವನ್ನ ಇಳಸ್ರಿ" ಎನ್ನುವಳು.

ಧಾರವಾಡದ ನಮ್ಮ ಕಾಲೇಜಿನಲ್ಲಿ ನಾನು ಇತಿಹಾಸದ ಮೇಷ್ಟ್ರು, ಆಕೆ ಕಸ ಗುಡಿಸುವವಳು. ಆಕೆಯ ಗಂಡ ಹುಬ್ಬಳ್ಳಿಯಲ್ಲಿ ಅಂಥದೇ ಗುಂಡಿಯೊಂದರಲ್ಲಿ ಉಸಿರುಗಟ್ಟಿ ಸತ್ತಿದ್ದ. ಕುಡಿದು ಜಾರಿಬಿದ್ದನೆಂದು ಗುತ್ತಿಗೆದಾರ ಬರೆಸಿದ. ಅದಕ್ಕೆ ಸಾಕ್ಷಿ ಹಾಕಿದವನು ಗಂಡನ ಸ್ವಂತ ತಮ್ಮ. ಮಾನವ ಹಕ್ಕುಗಳ ಸಂಸ್ಥೆಯೊಂದರ ವಕೀಲರು ಫೀ ಕೇಳದೆ ವರ್ಷಗಟ್ಟಲೆ ಓಡಾಡಿ ಅದು ಸುಳ್ಳೆಂದು ಸಾಬೀತು ಮಾಡಿದರು. ಸಿಕ್ಕ ಪರಿಹಾರದಲ್ಲಿ ರೇಣವ್ವ ಕೆಲಗೇರಿಯಲ್ಲಿ ಎರಡು ಖೋಲಿಯ ಮನೆ ಕೊಂಡಳು. ಮಕ್ಕಳಿರಲಿಲ್ಲ.

ಒಂದು ಮಧ್ಯಾಹ್ನ ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. "ಸರ, ನನ್ನ ಮನಿ ಆ ಸಂಸ್ಥಾಕ್ಕ ಬರೀಬೇಕಂತ ಮಾಡೇನಿ. ಮೃತ್ಯುಪತ್ರ ಮಾಡಿಸಿ ಕೊಡ್ರಿ."

"ನಿಮ್ಮ ಮಂದಿಗೆ ಏನೂ ಬ್ಯಾಡೇನ, ರೇಣವ್ವಾ?"

"ನಮ್ಮವ್ರು ಸತ್ತಾಗ ನನ್ನ ಮಂದಿ ಅಂತ ಬಂದವ್ರು ಅವರ ನೋಡ್ರಿ. ನಾಳೆ ನನ್ನಂಥಾಕಿ ಇನ್ನೊಬ್ಬಾಕಿ ಅವ್ರ ಬಾಗಲಾ ಬಡೀತಾಳ. ತೆಗ್ಯಾಕ ಒಬ್ಬರು ಇರಬೇಕಲ್ರಿ."

ವಕೀಲ ಗೆಳೆಯನೊಬ್ಬ ವಾರದಲ್ಲೇ ಕಾಗದ ಸಿದ್ಧಮಾಡಿ ಕೊಟ್ಟ. ಇಬ್ಬರು ಸಾಕ್ಷಿಗಳ ಮುಂದೆ ಆಕೆ ಸಹಿ ಹಾಕುವುದಷ್ಟೇ ಉಳಿದಿತ್ತು. ಒಬ್ಬ ಸಾಕ್ಷಿ ನಾನು. ಇನ್ನೊಬ್ಬರನ್ನು ಹೊಂದಿಸಿ ದಿನ ಗೊತ್ತುಮಾಡುವ ಹೊಣೆಯೂ ನನ್ನದೇ. ಪರೀಕ್ಷೆ ಮುಗಿಯಲಿ ಎಂದೆ. ಆಮೇಲೆ ಪೇಪರು ತಿದ್ದುವುದು ಮುಗಿಯಲಿ ಎಂದೆ. "ಆಗಲ್ರಿ ಸರ, ನಿಮ್ಮ ಕೆಲಸಾ ಮುಗಿಸ್ಕೋರಿ" ಎಂದಳು. ದೀಪಾವಳಿ ಕಳೆಯಲಿ ಎಂದಾಗ ತಲೆಯಾಡಿಸಿ ಪೊರಕೆ ಎತ್ತಿಕೊಂಡು ಹೋದಳು.

ದೀಪಾವಳಿ ಕಳೆದ ಮೂರನೆಯ ದಿನ, ಕೆಲಸಕ್ಕೆ ಹೊರಟವಳು ಬಸ್ ಸ್ಟಾಪಿನಲ್ಲಿ ಕುಸಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಸಹಿ ಇಲ್ಲಂದ್ರ ಅದು ಬರೇ ಹಾಳಿ" ಎಂದ ವಕೀಲ ಗೆಳೆಯ. "ಮನಿ ಗಂಡನ ಕಡಿಯವರಿಗೆ ಹೋಗ್ತದ." ಗಂಡನ ಕಡೆ ಉಳಿದಿದ್ದವನು ಆ ತಮ್ಮನೊಬ್ಬನೇ. ಮಣ್ಣಾದ ಮರುದಿನವೇ ಬಂದು ಮನೆಗೆ ಬೀಗ ಹಾಕಿಕೊಂಡು ಹೋದ.

ಆ ಬೀಗ ನೋಡುತ್ತ ನಿಂತಿದ್ದ ನನ್ನನ್ನು ಪಕ್ಕದ ಮನೆಯ ಮುಮ್ತಾಜ್ ಕರೆದು ಒಂದು ನೋಟಬುಕ್ ಕೊಟ್ಟರು. ಬಟ್ಟೆ ಹೊಲಿದು ಬದುಕುವ ಹೆಂಗಸು. "ದಿನಾ ಸಂಜೀಕ ನನ್ನ ಹತ್ರ ಬರ್ತಿದ್ರು, ಸರ. ಎಲ್ಲಾದಕ್ಕೂ ಹೆಬ್ಬೆಟ್ಟು ಒತ್ತೇನಿ, ಈ ಕಾಗದಕ್ಕ ಮಾತ್ರ ಹೆಸರು ಬರೀತೇನಿ ಅಂತಿದ್ರು."

ಪುಟ ಪುಟವೂ ರೇಣವ್ವ, ರೇಣವ್ವ, ರೇಣವ್ವ. ಮೊದಲು ವಕ್ರವಕ್ರವಾಗಿ, ಬರಬರುತ್ತ ಗೆರೆಯ ಮೇಲೆ ನೆಟ್ಟಗೆ.

"ಬರಿಯಾಕ ಯಾವಾಗ ಬಂತು?" ಎಂದು ಕೇಳಿದೆ.

"ಪರೀಕ್ಷಾ ಮುಗಿಯೂ ಮೊದಲ ಬಂದಿತ್ರಿ," ಎಂದರು ಮುಮ್ತಾಜ್. "ಇನ್ನ ಸರು ಕರಿಯೂದಷ್ಟ ಬಾಕಿ ಅಂತಿದ್ರು."