ಧಣಿಗಳು ಹೊತ್ತು ಕೇಳಿದಾಗ

ಸೂರ್ಯನನ್ನು ಮುಕ್ಕಾಲು ಗಂಟೆ ಮುಳುಗದ ಹಾಗೆ ತಡೆದು ನಿಲ್ಲಿಸಿದವನು ನಾನು. ಅದೂ ಬರೀ ಬಾಯಲ್ಲಿ. ಅಷ್ಟು ದೊಡ್ಡ ಸಾಹಸಕ್ಕೆ ಸಿಕ್ಕಿದ ಫಲವೆಂದರೆ, ಗಂಜಿಯ ತುತ್ತು ಹಿಡಿದ ತೆಳ್ಳಗಿನ ಕೈಯೊಂದು ಬಾಯಿಯ ಹತ್ತಿರ ಬಂದು ಹಾಗೇ ನಿಂತದ್ದು. ಗಂಜಿನೀರು ಮಣಿಕಟ್ಟಿನಿಂದ ಮೊಣಕೈಗೆ ಇಳಿಯುತ್ತಿತ್ತು. ಆ ಕೈ ಮೂಡುಬಿದಿರೆಯ ನಮ್ಮ ಬೀದಿಯ ಜವಳಿ ಅಂಗಡಿಯ ಧಣಿಗಳದ್ದು.

ನನ್ನ ಮೊದಲ ಶಾಲೆ ಅಂಗಿಯ ಬಟ್ಟೆ ಅಳೆದದ್ದೂ ಅದೇ ಕೈ. ಅಳತೆ ಮುಗಿದ ಮೇಲೂ ಅವರ ಕತ್ತರಿ ಎರಡು ಬೆರಳು ಮುಂದೆ ಹೋಗಿಯೇ ಬಟ್ಟೆಗೆ ಬೀಳುತ್ತಿತ್ತು. "ಮಕ್ಕಳಲ್ವಾ, ಬೆಳೀತಾರೆ" ಎನ್ನುತ್ತಿದ್ದರು. ಧಣಿಗಳು ಜೈನರು, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕದವರು. ಮದುವೆ ಸೀರೆಗೆಂದು ಸಂಜೆ ಒಂದು ಜೀಪು ಜನ ಬಂದಿಳಿದರೂ, "ಕೂತ್ಕೊಳ್ಳಿ, ಹೊತ್ತು ಹೋಗುವ ಮೊದ್ಲು ಎರಡು ತುತ್ತು ಉಂಡು ಬರ್ತೇನೆ" ಎಂದು ಒಳಗೆ ಹೋಗುವವರೇ. ಮದುಮಗಳು ಹರಡಿದ ಸೀರೆಗಳ ನಡುವೆ ಕಾಯುತ್ತಿದ್ದಳು. ಯಾರೂ ಎದ್ದು ಬೇರೆ ಅಂಗಡಿಗೆ ಹೋದದ್ದು ನಾನು ನೋಡಿಲ್ಲ.

ಅವರಿಗೊಂದು ಆಸೆಯಿತ್ತು. ವೇಣೂರು, ಬೆಳ್ತಂಗಡಿ ದಾಟಿ, ಚಾರ್ಮಾಡಿ ಘಾಟಿ ಹತ್ತಿ, ಶ್ರವಣಬೆಳಗೊಳಕ್ಕೆ ಒಮ್ಮೆ ನಡೆದೇ ಹೋಗಬೇಕು. ಅರವತ್ತು ದಾಟಿದವರನ್ನು ಒಬ್ಬರೇ ಕಳಿಸಲು ಮನೆಯಲ್ಲಿ ಒಪ್ಪಲಿಲ್ಲ. "ನಾನಿಲ್ವಾ?" ಎಂದು ಎದೆ ತಟ್ಟಿಕೊಂಡೆ. ನನ್ನ ಚಾರಣದ ಅನುಭವ ಇಷ್ಟು: ಗಡಾಯಿಕಲ್ಲು ಎರಡು ಸಲ ಹತ್ತಿದ್ದೆ, ಅದರಲ್ಲಿ ಒಂದು ಸಲ ಅರ್ಧಕ್ಕೆ.

ಹೊರಡುವ ದಿನ ಅವರು ವಾಚು ಕಟ್ಟಿಕೊಳ್ಳುತ್ತಿದ್ದರು.

"ವಾಚೆಲ್ಲ ಯಾಕೆ ಧಣಿ? ಮೊಬೈಲ್ ಉಂಟಲ್ಲ. ಮಳೆ ಬರ್ತದಾ ಇಲ್ವಾ ಅಂತ ಸಹ ಇದೇ ಹೇಳ್ತದೆ. ದೀಪಾವಳಿ ಕಳೀತು, ಇನ್ನೆಂಥ ಮಳೆ?"

"ಆಯ್ತು ಮಾರಾಯ, ನೀನು ಹೇಳಿದ ಹಾಗೆ" ಎಂದು ವಾಚು ಬಿಚ್ಚಿ ಮೇಜಿನ ಮೇಲಿಟ್ಟರು.

ನನ್ನ ಬೆನ್ನಿನ ಚೀಲದಲ್ಲಿ ಟೆಂಟು, ಸೋಲಾರ್ ಚಾರ್ಜರು, ಒಂದು ರಾಶಿ ಕಾಲ್ಚೀಲ. ನೋಡಿದವರು ನಾನು ಗಲ್ಫಿಗೆ ಹೊರಟಿದ್ದೇನೆ ಎಂದುಕೊಂಡಿರಬೇಕು. ಅವರ ಹೆಗಲಲ್ಲಿ ಒಂದು ಬಟ್ಟೆ ಚೀಲ ಮಾತ್ರ. ಪಂಚೆ ಎತ್ತಿ ಕಟ್ಟಿ, ರಸ್ತೆಯನ್ನೇ ಅಳೆದು ಯಾರಿಗೋ ಕತ್ತರಿಸಿ ಕೊಡುವವರ ಹಾಗೆ ಕೈ ಬೀಸುತ್ತಾ ನಡೆದರು. ಮೊದಲ ದಿನ ಗುರುವಾಯನಕೆರೆವರೆಗೆ ನನ್ನ ಏದುಸಿರು ಬಿಟ್ಟರೆ ಬೇರೆ ಸಮಸ್ಯೆ ಇರಲಿಲ್ಲ.

ಎರಡನೇ ದಿನ ಬೆಳ್ತಂಗಡಿ ದಾಟುವಾಗ ಮಳೆ ಹಿಡಿಯಿತು. ಚೀಲಕ್ಕೆ ಹಾಕುವ ಮಳೆ ಕವರು ಊರಿನಲ್ಲಿ, ನನ್ನ ಬೈಕಿನ ಸೀಟಿನ ಮೇಲೆ ಕ್ಷೇಮವಾಗಿತ್ತು. ಧಣಿಗಳ ಹೆಂಡತಿ, ನಾನು ಅಮ್ಮ ಎಂದೇ ಕರೆಯುವವರು, ಕಟ್ಟಿಕೊಟ್ಟ ಬುತ್ತಿಯನ್ನು "ನನ್ನ ಚೀಲ ಗಟ್ಟಿ, ಇಲ್ಲಿಡಿ" ಎಂದು ಇಸಿದುಕೊಂಡಿದ್ದೆ. ಮಧ್ಯಾಹ್ನ ತೆರೆದರೆ ಚಪಾತಿ, ಅವಲಕ್ಕಿ, ಕಾಲ್ಚೀಲ ಎಲ್ಲ ಒಂದೇ ಪಾಕ.

ಧಣಿಗಳು ನಕ್ಕರು. "ಕಾಲ್ಚೀಲ ನಿನಗಿರಲಿ, ನನಗೆ ಬಾಳೆಹಣ್ಣು ಸಾಕು."

ಉಜಿರೆಯಲ್ಲಿ ಹೋಟೆಲು ಕಂಡಾಗ "ಮುಂಡಾಜೆಯಲ್ಲೇ ಉಣ್ಣುವ ಧಣಿ, ಮೊಬೈಲಿನಲ್ಲಿ ಒಳದಾರಿ ತೋರಿಸ್ತದೆ, ಬೇಗ ತಲುಪ್ತೇವೆ" ಎಂದವನೂ ನಾನೇ. ಒಳದಾರಿ ಒಂದು ರಬ್ಬರ್ ತೋಟದೊಳಗೆ ಸುತ್ತಿ, ತುಂಬಿ ಹರಿಯುವ ತೋಡಿನ ಮುಂದೆ ನಿಂತಿತು. ಬಂದ ದಾರಿಗೇ ಸುಂಕವಿಲ್ಲವೆಂದು ತಿರುಗಿ ನಡೆದೆವು. ನನ್ನ ಕಾಲಿನಲ್ಲಿ ಇಂಬಳಗಳು ರಕ್ತ ಹೀರಿ ಹಬ್ಬ ಮಾಡುತ್ತಿದ್ದವು. ಧಣಿಗಳ ನಡಿಗೆ ನಿಧಾನವಾಗಿತ್ತು, ಕೈ ಬೀಸುವುದೂ ನಿಂತಿತ್ತು.

ಮುಂಡಾಜೆಯ ಸಣ್ಣ ಹೋಟೆಲೊಂದಕ್ಕೆ ಹೇಗೋ ಬಂದು ಬಿದ್ದೆವು. ಬೆಳಗ್ಗಿನಿಂದಲೇ ಕಪ್ಪಗಿದ್ದ ಆಕಾಶದಲ್ಲಿ ಸೂರ್ಯ ಎಲ್ಲಿದ್ದಾನೆಂದು ಹೇಳುವ ಹಾಗಿರಲಿಲ್ಲ. ಹೋಟೆಲಿನ ಹೆಂಗಸು ಬಿಸಿ ಗಂಜಿ ಬಡಿಸಿದಳು. ಧಣಿಗಳು ಕೈ ತೊಳೆದು ಬಂದು ಕೂತು, ನನ್ನ ಕಡೆ ನೋಡಿದರು.

"ಹೊತ್ತು ಉಂಟಾ ಮಾರಾಯ?"

ಮೊಬೈಲ್ ನೋಡಿದೆ. ಆರೂ ಮುಕ್ಕಾಲು; ಹೊತ್ತು ಆರಕ್ಕೇ ಹೋಗಿತ್ತು. ಅವರ ಪಾದ ನೀರಿನಲ್ಲಿ ನೆನೆದು ಬಿಳುಚಿ ಸುಕ್ಕುಗಟ್ಟಿತ್ತು. ಬುತ್ತಿ ನೆನೆಸಿದವನು, ಹೋಟೆಲು ದಾಟಿಸಿದವನು, ದಾರಿ ತಪ್ಪಿಸಿದವನು ಈಗ "ಇಲ್ಲ" ಎನ್ನಬೇಕಿತ್ತು.

"ಉಂಟು ಧಣಿ. ಐದೂವರೆ ಅಷ್ಟೇ. ಮೋಡಕ್ಕೆ ಕತ್ತಲೆ ಕಾಣುವುದು."

ಅವರು ಉಣ್ಣತೊಡಗಿದರು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಪುಣ್ಯ ಕಟ್ಟಿಕೊಂಡೆ ಅಂತಲೇ ಅನಿಸಿತು. ಅಷ್ಟರಲ್ಲಿ ಆ ಹೆಂಗಸು ಚಟ್ನಿ ತಂದಿಟ್ಟು, "ನಿಧಾನ ಉಣ್ಣಿ. ಮುಚ್ಚುವ ಅಂತಿದ್ದೆ, ದೇವರಿಗೆ ದೀಪ ಇಟ್ಟೇ ತುಂಬ ಹೊತ್ತಾಯ್ತು. ಈಗ ಏಳು ಗಂಟೆಯ ಬಸ್ಸು ಬರ್ತದೆ" ಎಂದಳು.

ಕೈ ನಿಂತದ್ದು ಆಗ.

ಧಣಿಗಳು ನನ್ನನ್ನು ನೋಡಿದರು. ನಾನು ನನ್ನ ಬಟ್ಟಲಿನ ಗಂಜಿಯ ಅಗುಳು ಎಣಿಸುತ್ತಿದ್ದೆ. ಅವರು ತುತ್ತು ಕೆಳಗಿಟ್ಟು, ಎದ್ದು, ಹೊರಗೆ ಹೋಗಿ ತುಂಬ ಹೊತ್ತು ಬಾಯಿ ಮುಕ್ಕಳಿಸಿದರು. ನಾನು ಹಿಂದೆಯೇ ಹೋದೆ.

"ಧಣಿ, ಬೆಳಿಗ್ಗೆಯಿಂದ ನೀವು ಬಾಳೆಹಣ್ಣು ಬಿಟ್ರೆ ಏನೂ ತಿನ್ಲಿಲ್ಲ, ಅದಕ್ಕೆ..."

"ಹಸಿವೆ ನಾನು ತಡ್ಕೊಳ್ತಿದ್ದೆ. ನಿನಗೆ ನಾಚಿಕೆ ತಡ್ಕೊಳ್ಳಲಿಕ್ಕೆ ಆಗ್ಲಿಲ್ಲ."

ಈ ಬಣ್ಣ ನಿಲ್ಲುವುದಿಲ್ಲ ಎಂದು ಗಿರಾಕಿಗೆ ತಿಳಿಸುವಾಗಿನ ಅದೇ ಮೆತ್ತನೆಯ ಸ್ವರ. ಬೈದಿದ್ದರೆ ನಾನೂ ಏನಾದರೂ ತಮಾಷೆ ಹೇಳಿ ಪಾರಾಗುತ್ತಿದ್ದೆ.

ವ್ರತ ಕೆಟ್ಟದ್ದಕ್ಕೆ ಮರುದಿನ ಅವರು ಉಪವಾಸ ಹಿಡಿದರು. ಉಪವಾಸದಲ್ಲೇ ನಡೆದರು. ಆವತ್ತು ಮಳೆಯಿಲ್ಲ, ನಾಚಿಕೆಯಿಲ್ಲದ ಬಿಸಿಲು. ಚಾರ್ಮಾಡಿಗೆ ಮುಂಚೆ ಒಂದು ಮೋರಿಯ ಕಟ್ಟೆಯ ಮೇಲೆ ಕೂತವರಿಗೆ ಎದ್ದರೆ ತಲೆ ಸುತ್ತುತ್ತಿತ್ತು. ಎದುರಿಗಿದ್ದ ಘಟ್ಟವನ್ನು ಸುಮ್ಮನೆ ನೋಡಿದರು.

"ಈ ಸಲಕ್ಕೆ ಇಷ್ಟೇ. ಬಸ್ಸು ಬಂದ್ರೆ ಕೈ ತೋರ್ಸು."

ಮನೆಯಲ್ಲಿ "ಮೊಣಕಾಲು ಕೈಕೊಟ್ಟಿತು" ಎಂದರು. ಜೋಪಾನವಾಗಿ ಕರೆತಂದೆನೆಂದು ಎಲ್ಲರೂ ನನ್ನನ್ನು ಹೊಗಳಿದರು. ಅಮ್ಮ ಪಾಯಸ ಬಡಿಸಿದರು. ಎರಡನೇ ಸಲ ಹಾಕಿಸಿಕೊಳ್ಳದೆ ನಾನು ಎದ್ದ ಪಾಯಸ ಜೀವಮಾನದಲ್ಲಿ ಅದೊಂದೇ. ಆಮೇಲೆ ಅಂಗಡಿಯ ಮುಂದೆ ಹೋಗಬೇಕಾದಾಗಲೆಲ್ಲ ನಾನು ರಸ್ತೆಯ ಆಚೆ ಬದಿ ಹಿಡಿಯುತ್ತಿದ್ದೆ.

ಮುಂದಿನ ಮಳೆಗಾಲ ಮುಗಿಯುವ ಮೊದಲೇ ಧಣಿಗಳು ತೀರಿಕೊಂಡರು. ಎದೆನೋವು ಎಂದರಂತೆ, ಆಸ್ಪತ್ರೆಗೆ ತಲುಪಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಅಮ್ಮನ ಹತ್ತಿರ ಹೋಗಿ, ತೊದಲುತ್ತಾ ಎಲ್ಲ ಹೇಳಿದೆ. ಅವರು ಮಡಚುತ್ತಿದ್ದ ಬಟ್ಟೆಯಿಂದ ತಲೆ ಎತ್ತಲಿಲ್ಲ.

"ಗೊತ್ತುಂಟು. ಬಂದ ದಿವಸವೇ ನನಗೆ ಹೇಳಿದ್ರು. ಈ ದೀಪಾವಳಿ ಕಳೆದ ಮೇಲೆ ಪುನಃ ಹೊರಡುವ ಅಂತಿದ್ರು, ನಿನ್ನನ್ನೇ ಕರ್ಕೊಂಡು. ಬೇರೆ ಜನ ಸಿಗ್ಲಿಲ್ವಾ ನಿಮಗೆ ಅಂತ ನಾನು ಜೋರು ಮಾಡಿದೆ. 'ಬೇರೆಯವರಾದ್ರೆ ಹೊತ್ತು ನಾನೇ ನೋಡ್ಬೇಕಾಗ್ತದೆ. ಅವ ಇನ್ನು ಸರಿಯಾಗಿ ಹೇಳ್ತಾನೆ' ಅಂದ್ರು."