ನಿಂತರೆ ತಣ್ಣಗೆ, ಓಡಿದರೆ ಬಿಸಿ

ವಾಹನದ ಬಿಡಿಭಾಗಗಳ ಅಂಗಡಿಯಲ್ಲಿ ನಾಲ್ಕು ವರ್ಷ ಕೌಂಟರ್ ಕಾಯ್ದವನಿಗೆ ‘ಕ್ಯಾಟಲಾಗು’ ಎಂದೇ ಹೆಸರು ಬಿದ್ದಿತ್ತು. ಯಾವ ಗಾಡಿಗೆ ಯಾವ ನಂಬರಿನ ಭಾಗ ಎಂಬುದನ್ನು ಪುಸ್ತಕ ತೆರೆಯದೆ ಹೇಳುತ್ತಿದ್ದ. ಸ್ವಂತದ್ದೆಂದು ಇದ್ದದ್ದು ಒಂದು ಸೈಕಲ್ಲು. ಅದಕ್ಕೆ ಪಂಕ್ಚರ್ ಹಾಕಲು ಮಾತ್ರ ಬೇರೆಯವರೇ ಬೇಕು.

ಅವನ ಚಿಕ್ಕಮ್ಮ ಹಳೇ ಪಿಕಪ್ಪಿನಲ್ಲಿ, ಆಗಷ್ಟೇ ಮೊಟ್ಟೆಯೊಡೆದ ಕೋಳಿಮರಿಗಳನ್ನು ಸಾಕುವವರಿಗೆ ತಲುಪಿಸುತ್ತಿದ್ದಳು. ಹೋದ ವಾರ ಇಂಜಿನ್ ತಣಿಸುವ ರೇಡಿಯೇಟರ್ ಸೋರಿ, ಗಾಡಿ ಕುದ್ದು ದಾರಿಯಲ್ಲೇ ನಿಂತು, ಎರಡು ಪೆಟ್ಟಿಗೆ ಮರಿ ಸೆಕೆಗೆ ಸತ್ತಿದ್ದವು. ಇನ್ನೊಮ್ಮೆ ಹೀಗಾದರೆ ಬೇರೆ ಗಾಡಿ ನೋಡಿಕೊಳ್ಳುತ್ತೇವೆ ಎಂದಿದ್ದ, ಮರಿ ತುಂಬಿಸಿ ಕಳಿಸುವ ಮರಿಕೇಂದ್ರದ ಮೇಸ್ತ್ರಿ. ಮುಂದಿನ ಲೋಡು ಸೋಮವಾರ.

“ಮೊದಲಿದ್ದಂಥ ರೇಡಿಯೇಟರೇ ಕೊಡೋ,” ಅಂದಳು ಚಿಕ್ಕಮ್ಮ.

“ಅದರಲ್ಲಿ ಎರಡೇ ಸಾಲು ಕೊಳವೆ. ಮೂರು ಸಾಲಿಂದು ಹಾಕ್ಸು, ಫ್ರಿಜ್ ಹೊತ್ಕೊಂಡು ಓಡಾಡಿದಂಗಿರುತ್ತೆ.”

“ನಿನ್ನ ಮಾತು ಕೇಳಿ ನಿಮ್ಮಮ್ಮ ಮೂರು ಬರ್ನರ್ ಒಲೆ ತಗೊಂಡ್ಲು. ಮೂರನೇದ್ರ ಮೇಲೆ ಸಕ್ಕರೆ ಡಬ್ಬಿ ಇಟ್ಟಿದ್ದಾಳೆ.”

ಆದರೂ ಅಕ್ಕನ ಮಗನಲ್ಲವೇ, ಒಪ್ಪಿದಳು. ದಪ್ಪ ರೇಡಿಯೇಟರ್ ಕೂತ ಮೇಲೆ ಇಂಜಿನ್ನಿನ ಹಳೇ ಫ್ಯಾನಿಗೆ ಜಾಗವೇ ಉಳಿಯಲಿಲ್ಲ. ಅವನು ಎದೆಗುಂದದೆ ಒಂದು ಕರೆಂಟ್ ಫ್ಯಾನನ್ನು ಮುಂದಿನ ಜಾಲರಿಗೂ ರೇಡಿಯೇಟರಿಗೂ ನಡುವೆ ಕೂರಿಸಿದ.

ಭಾನುವಾರ ಮಧ್ಯಾಹ್ನ ಖಾಲಿ ಗಾಡಿ ಓಡಿಸಿ ನೋಡಿದರೆ ಒಂದು ವಿಚಿತ್ರ. ವೇಗ ಹೆಚ್ಚಿದಂತೆ ಬಿಸಿ ತೋರಿಸುವ ಮುಳ್ಳು ಮೇಲೇರಿತು. ಬದಿಗೆ ನಿಲ್ಲಿಸಿದರೆ ಸುಮ್ಮನೆ ಕೆಳಗಿಳಿಯಿತು.

“ಥೇಟ್ ನಿನ್ನ ಹಾಗೇ,” ಅಂದಳು. “ಕೆಲಸ ಹೇಳಿದ್ರೆ ಬಿಸಿ, ಕೂರ್ಸಿದ್ರೆ ತಣ್ಣಗೆ.”

ಅವನು ಥರ್ಮೋಸ್ಟಾಟ್, ವಾಟರ್ ಪಂಪ್, ಮುಚ್ಚಳ ಎಂದು ಒಂದೊಂದರ ನಂಬರನ್ನೂ ಒಪ್ಪಿಸತೊಡಗಿದ.

“ನಂಬರ್ ಸಾಕು ಮಾರಾಯ. ಗಾಳಿ ಯಾವ ಕಡೆ ಹೋಗ್ತಿದೆ ಹೇಳು.”

ಅದು ಗೊತ್ತಿರಲಿಲ್ಲ. ಗೊತ್ತಿರಬೇಕೆಂದು ಹೊಳೆದೂ ಇರಲಿಲ್ಲ. ಚಿಕ್ಕಮ್ಮ ಫ್ಯಾನು ತಿರುಗುತ್ತಿರುವಾಗಲೇ ಗಾಡಿಯ ಹಿಂದಿನಿಂದ, ಮರಿಗಳ ಕೆಳಗೆ ಹಾಸುವ ಮರದ ಹೊಟ್ಟನ್ನು ಒಂದು ಹಿಡಿ ತಂದು ಜಾಲರಿಯ ಮುಂದೆ ಉದುರಿಸಿದಳು. ಒಳಕ್ಕೆ ಹೋಗಬೇಕಾದದ್ದು ಹಾರಿ ಬಂದು ಕ್ಯಾಟಲಾಗಿನ ಮೀಸೆಗೆ ಅಂಟಿತು.

ಆ ಫ್ಯಾನು ರೇಡಿಯೇಟರಿನ ಹಿಂದೆ ನಿಂತು ಗಾಳಿ ಎಳೆಯುವ ಜಾತಿಯದ್ದು. ಮುಂದೆ ಕೂತು, ಗಾಳಿಯನ್ನು ಒಳಗಿನಿಂದ ಹೊರಕ್ಕೆ ತಳ್ಳುತ್ತ, ಎದುರು ನುಗ್ಗುವ ಗಾಳಿಯ ಜೊತೆ ಜಗಳಕ್ಕೆ ನಿಂತಿತ್ತು. ನಿಂತ ಗಾಡಿಯಲ್ಲಿ ಜಗಳಕ್ಕೆ ಜನವಿಲ್ಲ, ಹಾಗಾಗಿ ತಣ್ಣಗೆ.

“ಇದು ನಿನಗೆ ಹೇಗೆ ಗೊತ್ತಾಯ್ತು?”

“ಮರಿ ಪೆಟ್ಟಿಗೆ ಜೋಡಿಸೋವಾಗ ದಿನಾ ನೋಡೋದು ಅದನ್ನೇ ಅಲ್ವೇನೋ. ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ಅಂತ.”

ಅವನು ರೆಕ್ಕೆ ಬಿಚ್ಚಿ ತಿರುಗಿಸಿ ಹಾಕಿ, ಫ್ಯಾನು ಉಲ್ಟಾ ಸುತ್ತುವಂತೆ ಎರಡು ವೈರು ಅದಲುಬದಲು ಮಾಡಿದ. ಈ ಸಲ ಹೊಟ್ಟು ಜಾಲರಿಯೊಳಕ್ಕೆ ಸೇರಿಕೊಂಡಿತು.

ಸೋಮವಾರ ಅವನು ರಜೆ ಹಾಕಿ ಪಕ್ಕದಲ್ಲಿ ಕೂತ. ದೊಡ್ಡ ಏರಿನಲ್ಲೂ ಮುಳ್ಳು ನಡುವಿನಿಂದ ಕದಲಲಿಲ್ಲ. ಕೊನೆಯ ಶೆಡ್ಡಿನಲ್ಲಿ ಪೆಟ್ಟಿಗೆ ತೆರೆದಾಗ ಮರಿಗಳು ಕಿವಿ ಕಿತ್ತುಹೋಗುವಂತೆ ಕೂಗಿದವು. ಅಷ್ಟರಲ್ಲೇ ಮೇಸ್ತ್ರಿಯ ಫೋನು.

“ಎಷ್ಟು ಹೋದ್ವು?”

“ಒಂದೂ ಇಲ್ಲ. ಬೇಕಾದ್ರೆ ನೀವೇ ಕೇಳಿ,” ಎಂದು ಚಿಕ್ಕಮ್ಮ ಫೋನನ್ನು ಪೆಟ್ಟಿಗೆಯೊಳಗೆ ಹಿಡಿದಳು.

ಮತ್ತೆ ಕಿವಿಗಿಟ್ಟುಕೊಂಡಾಗ ಆ ಕಡೆಯಿಂದ, “ಸರಿ, ನಾಳೆ ಆರಕ್ಕೇ ಬಂದ್ಬಿಡಿ,” ಎಂದು ಕೇಳಿಸಿತು.