ಗಂಟಲಿಗೆ ಒಪ್ಪಿಗೆ ಚೀಟಿ

ಹಳೇಕೋಟೆ ಹುಡುಗನ ಲೇಖನ ಕದ್ದದ್ದು ಅಂತ ತೀರ್ಪು ಕೊಟ್ಟ ಮಹಾಜಾಣ ನಾನೇ. ಮೊದಲೇ ಹೇಳಿಬಿಟ್ಟರೆ ಓದುವವರಿಗೆ ಬೈಯಲು ಅನುಕೂಲ.

ಆಗ ಹಾಸನದ ನಮ್ಮ ಹಾಸ್ಟೆಲಿನ ಹುಡುಗರೇ ಸೇರಿ ಒಂದು ಕೈಬರಹದ ಪತ್ರಿಕೆ ನಡೆಸುತ್ತಿದ್ದೆವು. ಕಥೆ, ಪದ್ಯಕ್ಕೆ ಜಾಗವಿಲ್ಲ. ವಿಜ್ಞಾನ, ಚರಿತ್ರೆ, ಬೇಸಾಯ, ಅಷ್ಟೇ. ಇದ್ದದ್ದು ಒಂದೇ ಪ್ರತಿ. ಹೊಳೆನರಸೀಪುರದ ಸಂಪಾದಕ ದುಂಡಗೆ ನಕಲು ಮಾಡಿ ಹಾಳೆಗಳನ್ನು ಕಿಟಕಿಯ ಮೇಲೆ ಒಣಗಲಿಡುತ್ತಿದ್ದ. ಆ ಮಸಿಯ ವಾಸನೆಗೆ ನಾವೆಲ್ಲ ಪಂಡಿತರಾದ ಹಾಗೆ ಅನ್ನಿಸುತ್ತಿತ್ತು. ಈಗ ಮಸಿ ಮೂಸಿದರೆ ಬರೀ ಸೀನು ಬರುತ್ತದೆ.

ಒಂದು ಸಲ ಅರಕಲಗೂಡಿನವನೂ ಚನ್ನರಾಯಪಟ್ಟಣದವನೂ ಗ್ರಹಣದ ಮೇಲೆ ಅಕ್ಷರ ಬದಲಾಗದ ಒಂದೇ ಲೇಖನ ಕೊಟ್ಟರು. ಇಬ್ಬರೂ ಇಳಿಸಿದ್ದು ಒಂದೇ ಪುಸ್ತಕದಿಂದ. ಆಮೇಲೆ ಸಂಪಾದಕ ಬರೆದವರೆಲ್ಲ ರುಜು ಹಾಕಬೇಕಾದ ಒಪ್ಪಿಗೆ ಚೀಟಿ ತಂದ: ಇದು ನನ್ನ ಸ್ವಂತ ಬರಹ, ನಕಲು ಮಾಡಿಕೊಳ್ಳಲು ನನ್ನ ಒಪ್ಪಿಗೆ ಇದೆ, ರುಜು. ಕಳವು ಹಿಡಿಯುವ ಕೆಲಸ ನನಗೆ ಬಿತ್ತು. ಪುಸ್ತಕದ ಬೀರುವಿನ ಬೀಗದಕೈ ಮೇಷ್ಟ್ರ ಜೇಬಿನಲ್ಲಿ, ಹೋಲಿಸಿ ನೋಡುವುದೆಲ್ಲಿ ಬಂತು? ದಿನಾ ಹಾಸ್ಟೆಲಿನವರ ಮಾತು ಅಣಕಿಸಿ ನಗಿಸುತ್ತಿದ್ದವನು ನಾನು, ಎಲ್ಲರ ದನಿಯೂ ನನ್ನ ನಾಲಿಗೆಯ ಮೇಲಿತ್ತು. ಬರೆದವನ ದನಿಯಲ್ಲೇ ಓದುತ್ತಿದ್ದೆ. ವಾಕ್ಯ ಆ ಬಾಯಿಗೆ ಕೂರದಿದ್ದರೆ ಕಳ್ಳಮಾಲು. ಒಂದೆರಡು ಸಲ ಸರಿಹೋಗಿ ನನಗೆ ಕೊಂಬು ಬಂತು.

ಹಳೇಕೋಟೆಯವನು ನಮಗಿಂತ ಚಿಕ್ಕವನು, ಮಾತು ಕಡಿಮೆ. ಕೆರೆಯ ತಳದಲ್ಲಿ ಕೂರುವ ಗೋಡುಮಣ್ಣಿನ ಬಗ್ಗೆ ಬರೆದಿದ್ದ. ಬರುವ ಸಂತೆಯ ದಿನ ಓದು ಬಾರದ ಅವರಪ್ಪ ಹಾಸನಕ್ಕೆ ಬಂದು ಮಗನ ಬರಹ ಪತ್ರಿಕೆಯಿಂದಲೇ ಓದಿಸಿ ಕೇಳುವುದೆಂದು ಗೊತ್ತಾಗಿತ್ತು. ಅಷ್ಟರೊಳಗೆ ಅದು ಪತ್ರಿಕೆಗೆ ಸೇರಬೇಕು.

ನಾನು ಹಕಾರ ನುಂಗುವ ಅವನ ದನಿ ತೆಗೆದು ಓದಿದೆ: “ವಲದಿಂದ ಅರಿದೋದ ಸಾರವೇ ಕೆರೆಯಲ್ಲಿ ಗೋಡಾಗಿ ನೆಲೆಸುತ್ತದೆ, ಅದನ್ನು ಮರಳಿಸುವುದೇ ನ್ಯಾಯ.” ಕೋಣೆಯೆಲ್ಲ ನಕ್ಕಿತು. “ಈ ಬಾಯಿಗೂ ಈ ವಾಕ್ಯಕ್ಕೂ ನೆಂಟಸ್ತನವೇ ಇಲ್ಲ. ಕದ್ದದ್ದು,” ಅಂದೆ.

ಸಂಪಾದಕ ಪೆನ್ನು ಕೆಳಗಿಟ್ಟು ಕೇಳಿದ: “ಯಾವ ಪುಸ್ತಕದಿಂದ ಎತ್ತಿದೆಯೋ? ನಿಜ ಹೇಳು.”

“ಯಾವ್ದ್ರಿಂದಾನೂ ಇಲ್ಲ ಕಣಣ್ಣ. ಮಳೆ ನಮ್ ವಲದಿಂದ ಕಿತ್ಕಂಡೋದ್ದೇ ಕೆರೇಲ್ ಕೂತಿರ್ತದೆ. ಬ್ಯಾಸ್ಗೇಲಿ ಗಾಡೀಲ್ ತುಂಬ್ಕಂಡ್ ಬಂದು ವಾಪಸ್ ಆಕ್ತೀವಿ. ಬರ್ಯಾಗ ಬರ್ಯೋ ಅಂಗೆ ಬರ್ದೆ, ಮಾತಾಡಾಗ ಮಾತಾಡೋ ಅಂಗೆ ಮಾತಾಡ್ತೀನಿ.”

ಅದೇ ವಾಕ್ಯ. ಊರಿನ ಬಟ್ಟೆ ಉಟ್ಟು ಬಂದಿತ್ತು, ಅಷ್ಟೇ. ಸಂಪಾದಕ ನನ್ನ ಕಡೆ ನೋಡಿದ. ಆಗಲಾದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಸೋತ ಮುಖ ಮರೆಸಲು ಮತ್ತೆ ಅವನ ದನಿಯಲ್ಲೇ, “ಗಾಡೀಲ್ ತುಂಬ್ಕಂಡ್ ಬಂದು ವಾಪಸ್ ಆಕ್ತೀವಿ,” ಅಂದೆ. ಈ ಸಲ ಯಾರೂ ನಗಲಿಲ್ಲ.

ಹುಡುಗ ತನ್ನ ಲೇಖನವನ್ನು ನನ್ನ ಕೈಯಿಂದ ತೆಗೆದುಕೊಂಡು, ಕಿಟಕಿಯ ಹತ್ತಿರ ಕೂತಿದ್ದ ಸಂಪಾದಕನ ಮುಂದಿಟ್ಟ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ:

“ನನ್ ಬರವಣ್ಗೆ ತಕಳಕೆ ರುಜು ಆಕುಸ್ಕಂಡ್ರಿ, ಸರಿ. ದಿನಾ ನನ್ ಗಂಟ್ಲು ಎತ್ಕಂಡೋಗ್ತೀಯಲ್ಲಣ್ಣ, ಅದ್ಕೆ ಯಾವತ್ತ್ ಆಕುಸ್ಕಂಡೆ?”